ತೆರೆಯದೆ ಉಳಿದ ಒಂದು ಲಿಂಕ್

ಮನೆ, ಮೂರನೇ ಮಹಡಿ
ಮಾರ್ಚ್ 9, ಭಾನುವಾರ ಮಧ್ಯಾಹ್ನ

ಪ್ರೀತಿಯ ಅಕ್ಕಾ,

ಹೇಗಿದ್ದೀಯ? ಮೊಣಕೈ ನೋವು ಕಡಿಮೆಯಾಯಿತೇ? ಆರು ವರ್ಷದ ಹಿಂದಿನ ನೋವನ್ನು ಈಗ ವಿಚಾರಿಸುತ್ತಿದ್ದಾಳೆ ಎಂದು ನಗಬೇಡ. ನಿನ್ನ ಬಗ್ಗೆ ನನಗೆ ಗೊತ್ತಿರುವ ಕೊನೆಯ ಸುದ್ದಿ ಅದೇ. ಹೋದ ವರ್ಷದ ಕಾಗದ ವಾಪಸು ಬರಲಿಲ್ಲ, ಹಾಗಾಗಿ ವಿಳಾಸ ಸರಿಯಿದೆ ಎಂದುಕೊಂಡಿದ್ದೇನೆ. ನಾನು ಚೆನ್ನಾಗಿದ್ದೇನೆ. ಕನ್ನಡಕದ ನಂಬರ್ ಏರಿದೆ. ಒಬ್ಬಳಿಗೆ ಅಡುಗೆ ಮಾಡುವ ಅಳತೆ ಮಾತ್ರ ಇನ್ನೂ ಕೈಗೆ ಬಂದಿಲ್ಲ, ಎರಡು ದಿನಕ್ಕಾಗುವಷ್ಟು ಆಗಿಬಿಡುತ್ತದೆ.

ಅಮ್ಮನ ಹೊಲಿಗೆ ಅಂಗಡಿಯ ಹೆಸರಿನಲ್ಲಿ ನೀನು ಮಾಡಿದ ವೆಬ್‌ಸೈಟನ್ನು ಇವತ್ತಿಗೂ ನೋಡಿಕೊಳ್ಳುತ್ತಿದ್ದೇನೆ. ಭಾನುವಾರ ಊಟವಾದ ಮೇಲೆ ಕೂತು ಒಂದೊಂದೇ ಲಿಂಕ್ ಒತ್ತಿ ನೋಡುತ್ತೇನೆ. ಹಳೆಯ ಮೆಷಿನ್‌ಗಳ ಕೈಪಿಡಿ, ಬೆಲ್ಟು, ಬಾಬಿನ್ನು, ಸೂಜಿ ಸಿಗುವ ಅಂಗಡಿಗಳು. ಕೆಲವರು ಅಂಗಡಿಯನ್ನೇ ಮುಚ್ಚಿರುತ್ತಾರೆ, ಕೆಲವರು ವಿಳಾಸ ಬದಲಿಸಿರುತ್ತಾರೆ. ಹೊಸದು ಹುಡುಕಿ ಹಾಕುತ್ತೇನೆ. ಹೋದ ತಿಂಗಳು ಒಬ್ಬ ಟೈಲರ್ ಹೆಂಗಸು ಫೋನ್ ಮಾಡಿ, "ಏನ್ ಮೇಡಂ, ಬಾಬಿನ್ ಅಂತ ಒತ್ತಿದ್ರೆ ಇಸ್ಪೀಟಾಟ ಬರ್ತಿದೆ! ನಮ್ಮ ಯಜಮಾನ್ರು ಆಗ್ಲಿಂದ ಕೂತೋರು ಎದ್ದೇ ಇಲ್ಲ" ಎಂದಳು. ಆ ಅಂಗಡಿಯವರು ವರ್ಷದ ದುಡ್ಡು ಕಟ್ಟಿ ತಮ್ಮ ವೆಬ್‌ಸೈಟಿನ ಡೊಮೈನ್ ಹೆಸರನ್ನು ನವೀಕರಿಸಲು ಮರೆತಿದ್ದರಂತೆ, ಬೇರೆ ಯಾರೋ ಎತ್ತಿಕೊಂಡಿದ್ದಾರೆ. ಹೊಟ್ಟೆ ಹಿಡಿದುಕೊಂಡು ನಕ್ಕೆ. ಫೋನ್ ಇಟ್ಟ ಮೇಲೆ ಹೇಳಿಕೊಳ್ಳಲು ಯಾರೂ ಇರಲಿಲ್ಲ.

ನಮ್ಮ ಡೊಮೈನ್ ಹೆಸರು ನಿನ್ನ ಖಾತೆಯಲ್ಲಿದೆ. ನಾನು ಪುಟಗಳನ್ನು ತಿದ್ದಬಲ್ಲೆ, ಹೆಸರನ್ನು ಉಳಿಸಿಕೊಳ್ಳಲಾರೆ. ಆದರೆ ಅದರ ಅವಧಿ ಎಂದು ಮುಗಿಯುತ್ತದೆ ಎಂಬುದನ್ನು ಯಾರು ಬೇಕಾದರೂ ನೋಡಬಹುದು. ಪ್ರತಿ ಫೆಬ್ರವರಿಯಲ್ಲಿ ಆ ತಾರೀಖು ಒಂದು ವರ್ಷ ಮುಂದಕ್ಕೆ ಹೋಗುತ್ತಿತ್ತು. ಅಕ್ಕ ಇದ್ದಾಳೆ, ಗಟ್ಟಿಯಾಗಿದ್ದಾಳೆ, ಅಮ್ಮನ ಅಂಗಡಿಯನ್ನು ಮರೆತಿಲ್ಲ ಎಂದು ಅಷ್ಟರಲ್ಲೇ ಸಮಾಧಾನ ಮಾಡಿಕೊಳ್ಳುತ್ತಿದ್ದೆ. ಈ ವರ್ಷ ತಾರೀಖು ಕದಲಿಲ್ಲ. ಇನ್ನು ಹನ್ನೆರಡು ದಿನ ಉಳಿದಿದೆ. ಹುಷಾರಾಗಿದ್ದೀಯ ತಾನೇ? ಅಥವಾ ಇಷ್ಟು ವರ್ಷವೂ ಅದು ತಾನಾಗಿಯೇ ನವೀಕರಣವಾಗುತ್ತಿತ್ತೋ ಏನೋ. ಕಂಪ್ಯೂಟರ್ ಮಾಡಿದ ಕೆಲಸವನ್ನು ನಾನು ನಿನ್ನ ಕ್ಷೇಮಸಮಾಚಾರ ಎಂದು ಓದಿಕೊಂಡೆನೇ?

ಅಮ್ಮನ ಮೆಷಿನ್ ಮಾರಿದ್ದು ನನ್ನ ತಪ್ಪು. ಅವಳು ಹೋಗಿ ಹದಿನೈದು ದಿನವೂ ಆಗಿರಲಿಲ್ಲ, ನಿನ್ನನ್ನು ಒಂದು ಮಾತೂ ಕೇಳಲಿಲ್ಲ. ಜಾಗ ಸಾಲದು ಎಂದೆ. "ಜಾಗ ತಾನೇ ಬೇಕು? ನಾನೇ ಹೋಗ್ತೀನಿ ಬಿಡು" ಎಂದು ಹೊರಟುಬಿಟ್ಟೆ ನೀನು. ಕಿಟಕಿಯ ಪಕ್ಕದ ಆ ಜಾಗ ಇನ್ನೂ ಖಾಲಿಯಿದೆ. ಏನನ್ನೂ ಇಡಲು ಮನಸ್ಸಾಗಿಲ್ಲ.

ಹೊತ್ತಿಗೆ ಸರಿಯಾಗಿ ಊಟ ಮಾಡು. ಮೊಣಕೈಗೆ ಭಾರ ಕೊಡಬೇಡ. ಇಂಗ್ಲಿಷ್ ಶಾಲೆಯಲ್ಲಿ ಓದಿದ ನನ್ನ ಕಾಗುಣಿತವನ್ನು ಮೊದಲಿನ ಹಾಗೆ ಬೈದುಕೊಂಡೇ ತಿದ್ದಿ ಓದು.

ನಿನ್ನ ತಂಗಿ,
ಗುಂಡುಸೂಜಿ

ತಾ.ಕ.: ಸೋಮವಾರ. ಅಂಚೆ ಕಚೇರಿಯ ಸಾಲಿನಲ್ಲಿ ನಿಂತು ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟಗಿದೆ. ಈಗಷ್ಟೇ ಫೋನಿನಲ್ಲಿ ನೋಡಿದೆ, ತಾರೀಖು ಒಂದು ವರ್ಷ ಮುಂದೆ ಹೋಗಿದೆ! ಮಾಡಿದ್ದು ನೀನೋ ಕಂಪ್ಯೂಟರೋ ತಿಳಿಯುತ್ತಿಲ್ಲ. ನಮ್ಮ ಮೊದಲ ಪುಟದಲ್ಲಿ 'ಅಮ್ಮನ ಮೆಷಿನ್' ಎಂಬ ಲಿಂಕ್ ವರ್ಷದಿಂದ ತೆರೆಯುತ್ತಿಲ್ಲ. ಅಲ್ಲಿದ್ದ ಮೆಷಿನ್ನಿನ ಫೋಟೋ ನಿನ್ನ ಹತ್ತಿರ ಮಾತ್ರ ಇದೆ. ಲಿಂಕನ್ನೇ ತೆಗೆದುಬಿಡಬಹುದಿತ್ತು, ತೆಗೆದಿಲ್ಲ. ಕಾಗದ ಬರೆಯಬೇಡ, ಫೋನೂ ಬೇಡ, ಆ ಫೋಟೋ ಹಾಕು ಸಾಕು. ಅದೊಂದು ತಾನಾಗಿ ಆಗುವ ಕೆಲಸವಲ್ಲ. ಪಾಸ್‌ವರ್ಡ್ ಬದಲಿಸಿಲ್ಲ.