ನಾವು ಶುಲ್ಕ ಕಟ್ಟಿದ ಬ್ಯಾಟರಿಗಳು ಇಟ್ಟಿಗೆ ಕಾರ್ಖಾನೆಯಲ್ಲಿ ಕುದಿಯುತ್ತಿವೆ

ಮಾನ್ಯರೇ, ನಮ್ಮ ಪ್ರಾಂತ್ಯದ ಪರಿಸರ ಶುಲ್ಕ ಕಚೇರಿಯ ಮುಖ್ಯಾಧಿಕಾರಿಗಳೇ,

ಹೊಸ ಬ್ಯಾಟರಿ ಕೊಳ್ಳುವಾಗಲೆಲ್ಲ ಹಳೆಯದರ ವಿಲೇವಾರಿಗೆಂದು ನೀವು ನಮ್ಮಿಂದ ಶುಲ್ಕ ವಸೂಲಿ ಮಾಡುತ್ತೀರಿ. ಟೈರಿಗೆ ಒಂದು, ಎಂಜಿನ್ ಎಣ್ಣೆಗೆ ಇನ್ನೊಂದು, ವರ್ಷದ ವಾಹನ ತೆರಿಗೆಯ ಹೊಟ್ಟೆಯೊಳಗೆ ಪರಿಸರದ ಹೆಸರಿನಲ್ಲಿ ಮತ್ತೊಂದು. ಇಷ್ಟೆಲ್ಲ ಕಟ್ಟಿಸಿಕೊಂಡ ಮೇಲೆ ನಮ್ಮ ಹಳೆಯ ಬ್ಯಾಟರಿಗಳು ಎಲ್ಲಿಗೆ ಹೋಗುತ್ತವೆ ಎಂಬುದು ನಿಮಗೆ ಗೊತ್ತಿಲ್ಲವಾದರೆ ನಾನು ಹೇಳುತ್ತೇನೆ. ಅವು ನಮ್ಮೂರು ಹೆನ್ಶೀರ್ ಲೂಜ್‌ನ ಹಿಂದಿರುವ ಪಾಳುಬಿದ್ದ ಇಟ್ಟಿಗೆ ಕಾರ್ಖಾನೆಗೆ ಬರುತ್ತವೆ. ಅಲ್ಲಿ ಅವುಗಳನ್ನು ಕೊಡಲಿಯಿಂದ ಒಡೆದು, ಆಸಿಡ್ಡನ್ನು ಹಳ್ಳಕ್ಕೆ ಚೆಲ್ಲಿ, ಒಳಗಿನ ಸೀಸವನ್ನು ಬಯಲಿನಲ್ಲೇ ಕರಗಿಸುತ್ತಾರೆ. ಆ ಹೊಗೆ ಈಗ ನನ್ನ ಮಗಳ ರಕ್ತದಲ್ಲಿದೆ. ನಿಮಗೆ ಇದು ಮೊದಲೇ ಗೊತ್ತಿದ್ದರೆ, ದಯವಿಟ್ಟು ಮುಂದಿನದನ್ನು ಇನ್ನಷ್ಟು ನಿಧಾನವಾಗಿ ಓದಿ.

ನಾನು ಶಾಲಾ ಮಕ್ಕಳ ವ್ಯಾನು ಓಡಿಸುವವಳು. ನಮ್ಮೂರಿನಿಂದಲೂ ಸುತ್ತಲಿನ ಬಾದಾಮಿ ತೋಟಗಳಿಂದಲೂ ಮಕ್ಕಳನ್ನು ಹತ್ತಿಸಿಕೊಂಡು ಹೆದ್ದಾರಿ ಬದಿಯ ಶಾಲೆಗೆ ಬಿಡುತ್ತೇನೆ, ಮಧ್ಯಾಹ್ನ ಮನೆ ಸೇರಿಸುತ್ತೇನೆ. ನಿಮ್ಮ ಶುಲ್ಕದ ಬಗ್ಗೆ ಬೇರೆ ಚಾಲಕರು ಗೊಣಗುವಾಗ ನಾನು ಅವರ ಬಾಯಿ ಮುಚ್ಚಿಸಿದವಳು. ಕಸ ಮಾಡಿದವರೇ ಕಸದ ಖರ್ಚು ಕೊಡಲಿ, ಅದರಲ್ಲಿ ತಪ್ಪೇನು ಎಂದು ವಾದಿಸಿದವಳು. ಈಗಲೂ ತಪ್ಪಿಲ್ಲವೆಂದೇ ನಂಬಿದ್ದೇನೆ. ಆದರೆ ಖರ್ಚು ನಾವು ಕೊಟ್ಟ ಮೇಲೆ ಕಸವನ್ನು ನಮ್ಮ ಮಕ್ಕಳಿಗೇ ತಿನ್ನಿಸುವ ಈ ಏರ್ಪಾಡಿಗೆ ನಿಮ್ಮ ಕಚೇರಿಯ ಭಾಷೆಯಲ್ಲಿ ಏನೆನ್ನುತ್ತಾರೆ? ಮರುಬಳಕೆಯೇ?

ಮೊದಲು ಗೊತ್ತಾದದ್ದು ಮೇಕೆಗಳಿಂದ. ನಮ್ಮ ಪಕ್ಕದ ಮನೆಯ ಬಶೀರ್ ಕಾಕಾ ಮೇಕೆ ಸಾಕುತ್ತಾರೆ. ಕಳೆದ ಚಳಿಗಾಲದಲ್ಲಿ ಒಂದು ದಿನ ಬೇಲಿಯ ಆಚೆಯಿಂದ ನನ್ನನ್ನು ಕರೆದರು.

"ಮೊಂಜಿಯಾ, ಇಲ್ಲಿ ಬಂದು ನೋಡಮ್ಮ. ಬೆಳಗಿಂದ ಹಿಂಗೇ ಸುತ್ತುತಾ ಇದೆ."

ಅಂಜೂರದ ಮರದ ಕೆಳಗೆ ಒಂದು ಮೇಕೆ ಒಂದೇ ಸಮನೆ ಸುತ್ತುತ್ತಿತ್ತು. ಹಲ್ಲು ಕಡಿಯುವ ಸದ್ದು ನನಗೆ ಕೇಳಿಸುತ್ತಿತ್ತು. ಕಾಕಾ ಅದರ ಕಣ್ಣೆದುರು ಕೈಯಾಡಿಸಿದರು. ಅದು ರೆಪ್ಪೆ ಬಡಿಯಲಿಲ್ಲ. ನಡೆದುಹೋಗಿ ಗೋಡೆಗೆ ಹಣೆ ಒತ್ತಿಕೊಂಡು ನಿಂತುಬಿಟ್ಟಿತು.

"ಯಾರೋ ಕಣ್ಣು ಹಾಕಿದಾರೆ ಅಂತಾಳೆ ನಿಮ್ಮ ಕಾಕಿ. ಅಷ್ಟು ಚೆಂದದ ಮೇಕೆನೂ ಅಲ್ಲ ಇದು, ಯಾರು ಹಾಕ್ತಾರೆ?" ಎಂದು ಕಾಕಾ ನಗಲು ನೋಡಿದರು. ಆ ವಾರ ಅದು ಸತ್ತಿತು, ಹಿಂದೆಯೇ ಇನ್ನೆರಡು.

ಅದೇ ಹೊತ್ತಿಗೆ ನನ್ನ ಮಗಳು ಎಮ್ನಾ ಊಟ ಬಿಟ್ಟಳು. ಅವಳು ಒಂದನೇ ತರಗತಿ. ಗೋಧಿ ರವೆಯ ಕುಸ್‌ಕುಸ್‌ನಲ್ಲಿ ಕುಂಬಳದ ಹೋಳಿಗಾಗಿ ಅಪ್ಪನ ತಟ್ಟೆಗೇ ಕೈ ಹಾಕುತ್ತಿದ್ದವಳು ಹೊಟ್ಟೆ ಹಿಡಿದುಕೊಂಡು ಮೂಲೆಯಲ್ಲಿ ಮುದುಡಿ ಮಲಗತೊಡಗಿದಳು. ಜಂತುಹುಳ ಇರಬೇಕೆಂದು ಔಷಧ ಕುಡಿಸಿದೆವು. ಹಟ ಇರಬೇಕೆಂದು ಗದರಿದೆವು. ಆಮೇಲೆ ಒಂದು ದಿನ ಊಟಕ್ಕೆ ಕುಳಿತಾಗ ಅವಳು ಕೈ ಚಾಚಿದಳು.

"ಅಮ್ಮಾ, ಅದು ಕೊಡು."

"ಯಾವುದು?"

"ಅದೇ. ಸೂಪು ಕುಡಿಯೋದು."

"ಚಮಚನಾ?"

ಅವಳು ನನ್ನ ಬಾಯನ್ನೇ ನೋಡಿದಳು. ಆ ಮಾತನ್ನು ಎಂದೂ ಕೇಳಿಯೇ ಇಲ್ಲವೆಂಬಂತೆ. ಮಾನ್ಯರೇ, ನಿಮಗೆ ಮಕ್ಕಳಿದ್ದರೆ ಆ ನೋಟ ಹೇಗಿರುತ್ತದೆಂದು ಒಂದು ಕ್ಷಣ ಊಹಿಸಿಕೊಳ್ಳಿ. ನನಗೆ ನೆನಪಾದದ್ದು ಕಾಕಾನ ಮೇಕೆಯ ಕಣ್ಣು. ಅದನ್ನು ನನ್ನ ಗಂಡ ಲಮ್ಜದ್‌ಗೂ ಹೇಳಲಿಲ್ಲ, ಹೇಳಿದರೆ ನಿಜವಾಗಿಬಿಡುತ್ತದೆ ಎಂಬ ಹೆದರಿಕೆ.

ದೊಡ್ಡಾಸ್ಪತ್ರೆಯಲ್ಲಿ ಚಿಕ್ಕ ವಯಸ್ಸಿನ ಡಾಕ್ಟರಮ್ಮ ಒಬ್ಬರು ಎಮ್ನಾಳ ಒಸಡು ನೋಡಿದರು, ರಕ್ತ ತೆಗೆಸಿದರು. ಫಲಿತಾಂಶ ಬಂದ ದಿನ ನಮ್ಮನ್ನು ಒಳಗೆ ಕರೆದು ಬಾಗಿಲು ಹಾಕಿಕೊಂಡರು.

"ಮನೆಯಲ್ಲಿ ಬ್ಯಾಟರಿ ಬಿಚ್ಚೋ ಕೆಲಸ ಏನಾದ್ರೂ ಮಾಡ್ತೀರಾ?"

"ಇಲ್ಲ. ಇವರು ಗಾರೆ ಕೆಲಸ, ನಾನು ವ್ಯಾನು ಓಡಿಸ್ತೀನಿ."

"ಅಕ್ಕಪಕ್ಕ ಯಾರಾದ್ರೂ ಏನಾದ್ರೂ ಕರಗಿಸ್ತಾರಾ? ಹೊಗೆ ಬರುತ್ತಾ?"

ಇಟ್ಟಿಗೆ ಕಾರ್ಖಾನೆಯ ಕಡೆಯಿಂದ ಆಗಾಗ ಹೊಗೆ ಬರುತ್ತಿತ್ತು. ಯಾರೋ ಮತ್ತೆ ಇಟ್ಟಿಗೆ ಸುಡುತ್ತಿದ್ದಾರೆ, ಊರಿನ ಹುಡುಗರಿಗೆ ಕೆಲಸ ಸಿಗಬಹುದು ಎಂದು ನಾವೆಲ್ಲ ಸಂತೋಷಪಟ್ಟಿದ್ದೆವು.

"ಮಗುವಿನ ರಕ್ತದಲ್ಲಿ ಸೀಸ ತುಂಬಾ ಇದೆ," ಎಂದರು ಡಾಕ್ಟರಮ್ಮ. "ಸೇರಿಸ್ಕೊಂಡು ಔಷಧ ಕೊಡ್ತೀವಿ, ಇಳಿಯುತ್ತೆ. ಆದ್ರೆ ವಾಪಸ್ ಅದೇ ಮನೆಗೆ ಕರ್ಕೊಂಡು ಹೋದ್ರೆ ನಮ್ಮ ಔಷಧ ದಂಡ. ಇನ್ನೊಂದು ಮಾತು. ನಿಮ್ಮೂರಲ್ಲಿ ಇವಳೊಬ್ಬಳೇ ಮಗು ಅಲ್ಲ ಅಲ್ವಾ?"

ಅಲ್ಲ. ದಿನವೂ ನನ್ನ ಬೆನ್ನ ಹಿಂದೆ ಸೀಟುಗಳ ತುಂಬ ಕುಳಿತು ಕಿರುಚಾಡುವವರು ಮತ್ತಾರು? ಆ ದಿನದಿಂದ ಕನ್ನಡಿಯಲ್ಲಿ ಅವರನ್ನು ನೋಡುವುದೇ ನನಗೆ ಕಷ್ಟವಾಗಿದೆ. ಯಾರಾದರೂ ಸುಮ್ಮನೆ ಕುಳಿತರೆ ಸಾಕು, ಹೆಸರು ಹಿಡಿದು ಕೂಗಿ ಮಾತಾಡಿಸುತ್ತೇನೆ.

ಮರುವಾರ ಮಕ್ಕಳನ್ನು ಇಳಿಸಿ ಖಾಲಿ ವ್ಯಾನಿನಲ್ಲಿ ಬರುತ್ತಿದ್ದೆ. ಮುಂದೆ ಒಂದು ಲಾರಿ ಹೋಗುತ್ತಿತ್ತು. ಪಕ್ಕದಲ್ಲಿ ಹಸಿರು ಎಲೆಯ ಚಿತ್ರ, ಅದರ ಕೆಳಗೆ ನಿಮ್ಮ ಕಚೇರಿಯ ಪರವಾನಗಿ ಪಡೆದ ಗುತ್ತಿಗೆದಾರ ಎಂಬ ಬರಹ. ಅದು ಹೆದ್ದಾರಿ ಬಿಟ್ಟು ಮಣ್ಣು ದಾರಿಗೆ ಇಳಿಯಿತು. ನಾನೂ ಇಳಿದೆ. ಕಾರ್ಖಾನೆಯ ಅಂಗಳದ ತುಂಬ ಬ್ಯಾಟರಿ ರಾಶಿ. ಅದರಲ್ಲಿ ನನ್ನದೂ ಇತ್ತೋ ಇಲ್ಲವೋ ಹೇಳಲಾರೆ, ಎಲ್ಲವೂ ಒಂದೇ ತರ ಕಪ್ಪಗಿದ್ದವು. ಮುಖಕ್ಕೆ ಬಟ್ಟೆ ಸುತ್ತಿಕೊಂಡವರು ಒಡೆಯುತ್ತಿದ್ದರು. ಕಳ್ಳಿಗಿಡಗಳ ಮೇಲೆ ಬೂದಿ ಹೊದಿಸಿದಂತಿತ್ತು. ಗಂಟಲಲ್ಲಿ ಸಿಹಿಸಿಹಿಯಾದ ಒಂದು ಕೆಟ್ಟ ರುಚಿ.

ನೀಟಾಗಿ ಇಸ್ತ್ರಿ ಮಾಡಿದ ಅಂಗಿ ತೊಟ್ಟ ಒಬ್ಬ ಮೇಸ್ತ್ರಿ ನನ್ನ ಕಿಟಕಿಗೆ ಬಂದ. ಕೋಪವೇ ಇಲ್ಲ.

"ದಾರಿ ತಪ್ಪಿದ್ರಾ ಅಕ್ಕ?"

"ಹೌದು. ತಪ್ಪಿತು."

"ಶಾಲೆ ಮಕ್ಕಳ ವ್ಯಾನ್ ಅಲ್ವಾ ಇದು? ಸೇತುವೆ ಇಳಿಜಾರಲ್ಲಿ ದಿನಾ ನೋಡ್ತೀನಿ. ಮಕ್ಕಳನ್ನ ಕೂರಿಸ್ಕೊಂಡು ಓಡಾಡೋರು ನೀವು. ನೀವು ದಾರಿ ತಪ್ಪಬಾರದು."

ಅವನೇ ಕೈ ಬೀಸಿ ನನ್ನ ವ್ಯಾನನ್ನು ಹಿಂದಕ್ಕೆ ತೆಗೆಸಿದ, ಗೋಡೆಗೆ ತಾಗದಂತೆ ನೋಡಿಕೊಂಡ. ಅಷ್ಟು ಸೌಜನ್ಯವನ್ನು ನಾನು ಜನ್ಮದಲ್ಲಿ ಇನ್ನೆಲ್ಲೂ ಕಂಡಿಲ್ಲ. ನಿಮ್ಮ ಕಚೇರಿಯಲ್ಲಂತೂ ಕಾಣಲಿಲ್ಲ.

ಅದಾದ ಮೇಲೆ ದೂರು ಹೇಳಲು ನಿಮ್ಮ ಕಚೇರಿಗೆ ಬಂದೆ, ಲಮ್ಜದ್ ಕೂಡ ಜೊತೆಗಿದ್ದ. ಗೋಡೆಯ ಮೇಲೆ ಸ್ವಚ್ಛ ನಾಡು, ಸ್ವಸ್ಥ ಮಗು ಎಂಬ ದೊಡ್ಡ ಭಿತ್ತಿಚಿತ್ರ. ಅದರ ಕೆಳಗೆ ಕುಳಿತ ನಿಮ್ಮ ಗುಮಾಸ್ತರು ನನ್ನ ಮಾತು ಕೇಳಿ ಕನ್ನಡಕ ತೆಗೆದಿಟ್ಟರು.

"ಶುಲ್ಕ ಕಟ್ಟಿದೀರಲ್ಲ?"

"ಕಟ್ಟಿದೀನಿ."

"ಮತ್ತೆ? ನಿಮ್ಮ ಜವಾಬ್ದಾರಿ ಮುಗೀತು. ಆಮೇಲಿನದ್ದು ಗುತ್ತಿಗೆದಾರರದ್ದು."

"ಗುತ್ತಿಗೆದಾರರ ಜವಾಬ್ದಾರಿ ನೋಡೋರು ಯಾರು ಸಾರ್?"

"ಅದು ಬೇರೆ ವಿಭಾಗ. ಬೇಕಾದ್ರೆ ದೂರು ಬರೆದು ಕೊಡಿ. ಹೆಸರು, ವಿಳಾಸ ಇರ್ಲೇಬೇಕು."

ಬರೆದುಕೊಟ್ಟೆ. ಆ ವಾರದ ಸಂತೆಯಲ್ಲಿ ಟೊಮೆಟೊ ಆರಿಸುತ್ತಿದ್ದಾಗ ಅದೇ ಇಸ್ತ್ರಿ ಅಂಗಿಯವನು ಪಕ್ಕಕ್ಕೆ ಬಂದು ನಿಂತು ತಾನೂ ಒಂದು ಟೊಮೆಟೊ ಆರಿಸಿದ.

"ಮೊಂಜಿಯಾ ಅಕ್ಕ, ನಿಮ್ಮ ಅಕ್ಷರ ಬಹಳ ದುಂಡಗಿದೆ," ಎಂದ. "ಕಷ್ಟಪಟ್ಟು ಬರೆದಿದೀರಿ." ಟೊಮೆಟೊವನ್ನು ನನ್ನ ಚೀಲಕ್ಕೆ ಹಾಕಿ ಹೋದ.

ಮಾನ್ಯರೇ, ನಾನು ಆ ದೂರನ್ನು ಕೊಟ್ಟದ್ದು ನಿಮ್ಮ ಕಚೇರಿಗೆ. ಅದು ಅವನ ಕೈಗೆ ಹೋದದ್ದು ಯಾವ ವಿಭಾಗದ ಮೂಲಕ? ಅದಕ್ಕೂ ಏನಾದರೂ ಶುಲ್ಕವಿದೆಯೇ?

ಆಮೇಲೆ ನಿಮ್ಮ ತಪಾಸಣೆಯವರು ಬಂದರು. ಬರುವ ಮುಂಚೆಯೇ ಊರಿಗೆಲ್ಲ ಗೊತ್ತಿತ್ತು, ಯಾಕೆಂದರೆ ಹಿಂದಿನ ದಿನ ಕಾರ್ಖಾನೆಯ ಗೋಡೆಗಳಿಗೆ ಸುಣ್ಣ ಬಳಿಯುತ್ತಿದ್ದರು. ಬ್ಯಾಟರಿ ರಾಶಿ ಸಾಗಿಸಿ, ಅಂಗಳಕ್ಕೆ ಹೊಸ ಮಣ್ಣು ಸುರಿದು, ಕುಂಡದ ಸಮೇತ ಆಲಿವ್ ಸಸಿಗಳನ್ನು ಹೂತಿದ್ದರು. ತಪಾಸಣೆಯವರು ಫೋಟೊ ತೆಗೆದುಕೊಂಡು, ಪುದೀನ ಚಹಾ ಕುಡಿದು, ಆಕ್ಷೇಪಾರ್ಹವಾದದ್ದು ಏನೂ ಕಂಡುಬಂದಿಲ್ಲ ಎಂದು ಬರೆದು ಹೋದರು. ಒಪ್ಪುತ್ತೇನೆ. ಆ ದಿನ ಕಂಡುಬರಲು ಏನೂ ಇರಲಿಲ್ಲ. ಅದೇ ವಾರದಲ್ಲಿ ಮತ್ತೆ ಹೊಗೆ ಎದ್ದಿತು.

ಈಗ ಹೇಳುವುದನ್ನು ಬರೆಯಲು ನನಗೆ ಇಷ್ಟು ಕಾಲ ಬೇಕಾಯಿತು. ಒಂದು ಬೆಳಿಗ್ಗೆ ಮಕ್ಕಳನ್ನು ತುಂಬಿಕೊಂಡು ಸೇತುವೆಯ ಇಳಿಜಾರಿಗೆ ಬರುವಷ್ಟರಲ್ಲಿ ಸ್ಟೀರಿಂಗ್ ಕೈಯಲ್ಲಿ ಅದುರತೊಡಗಿತು. ವೇಗ ಇಳಿಸಿ, ಹೇಗೋ ಪಕ್ಕಕ್ಕೆ ತಂದು ನಿಲ್ಲಿಸಿ, ಮಕ್ಕಳನ್ನೆಲ್ಲ ಬಾದಾಮಿ ಮರಗಳ ಕಡೆಗೆ ಇಳಿಸಿದೆ. ಮುಂದಿನ ಚಕ್ರದ ನಟ್ಟುಗಳು ಬೆರಳಲ್ಲೇ ತಿರುಗುತ್ತಿದ್ದವು. ಒಂದು ಇರಲೇ ಇಲ್ಲ.

"ಇವತ್ತು ಇಲ್ಲೇ ಆಟನಾ ಚಿಕ್ಕಮ್ಮ?" ಎಂದು ಒಬ್ಬಳು ಕೇಳಿದಳು.

"ಹೌದು, ಇಲ್ಲೇ," ಎಂದೆ. ಅವರು ಖುಷಿಯಿಂದ ಓಡಿದರು. ನಾನು ಚಕ್ರಕ್ಕೆ ಒರಗಿ ಕುಳಿತುಬಿಟ್ಟೆ. ಕೆಳಗೆ ಹಳ್ಳ ಕಾಣುತ್ತಿತ್ತು.

ಇದನ್ನು ಯಾರು ಮಾಡಿದರೆಂದು ನಾನು ಹೇಳಲಾರೆ. ಸ್ವಲ್ಪ ದಿನದ ಹಿಂದಷ್ಟೇ ಟೈರು ಬದಲಿಸಿದ್ದೆ, ಅದರ ವಿಲೇವಾರಿ ಶುಲ್ಕವನ್ನೂ ಕಟ್ಟಿದ್ದೆ. ಮೆಕ್ಯಾನಿಕ್ ಮರೆತಿರಬಹುದು. ತಾನೇ ಕೈಯಾರೆ ಬಿಗಿ ಮಾಡಿದ್ದಾಗಿ ಅವನು ಆಣೆ ಹಾಕುತ್ತಾನೆ. ಪುರಾವೆ ಇಲ್ಲ. ಪುರಾವೆ ಇಲ್ಲದ ಹೆದರಿಕೆ ಎಂಥದೆಂದರೆ, ಅದನ್ನು ಯಾವ ಠಾಣೆಯಲ್ಲೂ ಬರೆದುಕೊಳ್ಳುವುದಿಲ್ಲ. ಅಂದಿನಿಂದ ಪ್ರತಿ ಬೆಳಿಗ್ಗೆ ವ್ಯಾನಿನ ಕೆಳಗೆ ಮಲಗಿ ಎಲ್ಲವನ್ನೂ ಮುಟ್ಟಿ ನೋಡಿಯೇ ಹೊರಡುತ್ತೇನೆ. ಕೆಲವು ತಾಯಂದಿರು ಮಕ್ಕಳನ್ನು ಕಳಿಸುವುದು ನಿಲ್ಲಿಸಿದ್ದಾರೆ. ಅವರನ್ನು ದೂರಲಾರೆ.

ಚಕ್ರ ಸಡಿಲಾದ ಆ ದಿನ ಲಮ್ಜದ್ ನನ್ನೆದುರು ಕುಳಿತು ಹೇಳಿದ, "ಸಾಕು ಕಣೇ. ಅವರ ಸಹವಾಸ ಬೇಡ."

"ಸುಮ್ಮನಿದ್ರೆ?"

"ಸುಮ್ಮನಿದ್ರೆ ಬದುಕ್ಕೋತೀವಿ."

"ಎಮ್ನಾ?"

ಅವನು ಎದ್ದು ಅಂಗಳಕ್ಕೆ ಹೋದ. ಮೆಣಸಿನಕಾಯಿ ಒಣಹಾಕಿದ್ದ ಚಾಪೆಯ ಅಂಚನ್ನು ಬೆರಳಿಂದ ಒರೆಸಿ, ಬೆರಳಿಗೆ ಹತ್ತಿದ ಬೂದಿಯನ್ನು ನೋಡಿದ. ಒಳಗೆ ಬಂದಾಗ ದನಿ ಸಣ್ಣಗಾಗಿತ್ತು.

"ಈ ಸಲ ಕಚೇರಿಗಷ್ಟೇ ಕೊಟ್ಟು ಬಿಡಬೇಡ," ಎಂದ. "ಎಲ್ಲರೂ ಓದೋ ಕಡೆ ಬರಿ. ಆಮೇಲೆ ನಮಗೇನಾದ್ರೂ ಆದ್ರೆ ಯಾಕಾಯ್ತು ಅಂತ ನಾಲ್ಕು ಜನಕ್ಕೆ ಗೊತ್ತಿರುತ್ತೆ."

ಈ ಪತ್ರ ಬಹಿರಂಗವಾಗಿರುವುದು ಅದಕ್ಕಾಗಿ. ಧೈರ್ಯದಿಂದಲ್ಲ. ಕತ್ತಲೆಯಲ್ಲಿ ನಿಂತವನು ದೀಪದ ಕಂಬದ ಕೆಳಗೆ ಓಡುವ ಹಾಗೆ ಓಡಿ ಬಂದಿದ್ದೇನೆ.

ಹೆನ್ಶೀರ್ ಲೂಜ್‌ನ ಪ್ರತಿಯೊಂದು ಮಗುವಿನ ರಕ್ತ ಪರೀಕ್ಷೆ ಮಾಡಿಸಿ, ನಾವು ಇಷ್ಟು ವರ್ಷ ಕಟ್ಟಿದ ಶುಲ್ಕದಿಂದಲೇ ಮಾಡಿಸಿ. ಯಾರಿಗೂ ಹೇಳದೆ, ಚಹಾ ಕುಡಿಯದೆ ಒಂದು ದಿನ ನೀವೇ ಬನ್ನಿ. ಆ ಹೊಸ ಮಣ್ಣನ್ನು ಒಂದು ಮೊಳ ಅಗೆಸಿ. ಕಾರ್ಖಾನೆಗೆ ಬೀಗ ಹಾಕಿಸಿ, ಗುತ್ತಿಗೆ ರದ್ದು ಮಾಡಿ. ನನ್ನ ದೂರನ್ನು ಆ ಮನುಷ್ಯನಿಗೆ ತೋರಿಸಿದವರು ಯಾರೆಂದು ಇಷ್ಟೇ ಬಹಿರಂಗವಾಗಿ ಹೇಳಿ.

ಆಸ್ಪತ್ರೆಯಿಂದ ಬಿಟ್ಟ ಮೇಲೆ ಎಮ್ನಾ ಈಗ ಮಹ್ದಿಯಾ ಪಟ್ಟಣದಲ್ಲಿ, ನನ್ನ ತಂಗಿಯ ಮನೆಯಲ್ಲಿದ್ದಾಳೆ. ಸೀಸ ಇಳಿಯುತ್ತಿದೆಯಂತೆ. ಕಳೆದುಹೋದ ಮಾತುಗಳಲ್ಲಿ ಎಷ್ಟು ಹಿಂತಿರುಗುತ್ತವೆ ಎಂದು ಡಾಕ್ಟರಮ್ಮ ಭರವಸೆ ಕೊಡಲಿಲ್ಲ. ನಿನ್ನೆ ಫೋನಿನಲ್ಲಿ ಕೇಳಿದಳು, "ಅಮ್ಮಾ, ನಮ್ಮನೆಗೆ ಯಾವಾಗ ಬರ್ಲಿ?"

ನಿಮ್ಮನ್ನು ಕೇಳಿ ಹೇಳುತ್ತೇನೆ ಎಂದಿದ್ದೇನೆ.

ಇಂತಿ,
ಎಲ್ಲ ಶುಲ್ಕಗಳನ್ನೂ ಚಾಚೂ ತಪ್ಪದೆ ಕಟ್ಟಿ, ಈಗ ಮಗಳಿಲ್ಲದ ಮನೆಯಲ್ಲಿ ಹೆದರಿಕೊಂಡು ಕುಳಿತಿರುವ
ಮೊಂಜಿಯಾ ಹಮ್ರೂನಿ, ವ್ಯಾನು ಚಾಲಕಿ

ನನ್ನ ಹೆಸರೂ ಹಾಕು ಎಂದು ಈಗಷ್ಟೇ ಬಂದು ಹೇಳಿದ್ದರಿಂದ,
ಲಮ್ಜದ್ ಹಮ್ರೂನಿ, ಎಮ್ನಾಳ ತಂದೆ