ತೊಗಟೆಬಟ್ಟೆಯ ಈಚೆ ಬದಿ

ಮೋಟುತಾವಾ ದ್ವೀಪ, ಹಾಪೈ
ಆಗಸ್ಟ್ ೧೪, ಬುಧವಾರ ಬೆಳಿಗ್ಗೆ

ಪ್ರೀತಿಯ ತಮ್ಮ ಫೆಲೆತಿಗೆ,

ನಿನ್ನ ಅಕ್ಕ ಕಲೊಲೈನೆಯ ಆಶೀರ್ವಾದ. ಹೇಗಿದ್ದೀಯ? ಶಾಸ್ತ್ರಕ್ಕೆ ಕೇಳುತ್ತಿಲ್ಲ, ನಿಜವಾಗಿ ಕೇಳುತ್ತಿದ್ದೇನೆ. ಅಲ್ಲಿ ದೊಡ್ಡ ಊರಿನ ತರಬೇತಿಯವರು ಮಧ್ಯಾಹ್ನಕ್ಕೆ ಬರೀ ಬ್ರೆಡ್ಡು ಕೊಡುತ್ತಾರಂತೆ, ನಿನ್ನ ಹೆಂಡತಿ ಪಿಸಿಲಾ ಹೇಳಿದಳು. ಅದು ಯಾವ ಊಟ? ಈ ಹಡಗಿನಲ್ಲಿ ಒಂದು ಬುಟ್ಟಿ ಕೆಸುವಿನ ಗಡ್ಡೆ ಕಳಿಸುತ್ತಿದ್ದೇನೆ, ಇಳಿದುಕೊಂಡ ಮನೆಯವರಿಗೂ ಕೊಡು. ಕುರಿಯ ಕೊಬ್ಬಿನ ಮಾಂಸ ಮಾತ್ರ ಮುಟ್ಟಬೇಡ. ಅದು ತಿಂದರೆ ಸಕ್ಕರೆ ಕಾಯಿಲೆಯವರು ನೆಟ್ಟಗೆ ಸ್ವರ್ಗಕ್ಕೆ ಎಂದು ಚರ್ಚಿನ ಅಂಗಳದಲ್ಲಿ ನಿಂತು ನಮಗೆಲ್ಲ ಬೈದವನು ನೀನೇ. ಇಲ್ಲಿ ಚಳಿ ಇನ್ನೂ ಬಿಟ್ಟಿಲ್ಲ. ತಿಮಿಂಗಿಲಗಳು ಬಂದಿವೆ, ಮರಿ ಕಟ್ಟಿಕೊಂಡು ಹವಳದ ದಿಬ್ಬದ ಆಚೆ ಉಸಿರು ಬಿಡುತ್ತಿರುತ್ತವೆ.

ಅಕ್ಕ ಕಾಗದ ಬರೆದಳಲ್ಲ ಎಂದು ಗಾಬರಿಯಾಗಬೇಡ, ಮನೆಯಲ್ಲಿ ಎಲ್ಲರೂ ಚೆನ್ನಾಗಿದ್ದಾರೆ. ಫೋನು ಮಾಡಬಹುದಿತ್ತು. ಆದರೆ ನಿನ್ನ ದನಿ ಕೇಳಿದರೆ ನನ್ನ ನಾಲಿಗೆ ಹಿಂದಕ್ಕೆ ಸರಿಯುತ್ತದೆ. ಅಕ್ಕತಮ್ಮಂದಿರ ಮರ್ಯಾದೆ ಎಂದು ನಾವು ಬೆಳೆದದ್ದೇ ಹಾಗೆ. ನಿನ್ನ ದನಿ ಒಡೆದ ವರ್ಷ ಅಪ್ಪ ನಿನ್ನ ಚಾಪೆಯನ್ನು ಅಡುಗೆ ಗುಡಿಸಲಿಗೆ ಹಾಕಿಸಿದರು. ಅಲ್ಲಿಂದ ಈಚೆಗೆ ನಾವಿಬ್ಬರೂ ಒಂದು ಕೋಣೆಯಲ್ಲಿ ಕೂತಿಲ್ಲ, ಒಬ್ಬರೆದುರು ಒಬ್ಬರು ಮೈಯ ಮಾತು ಎತ್ತಿಲ್ಲ. ಒಂದು ಸಲ ನಾನು ಒಳಗೆ ಹಾಕಿದ್ದ ರೇಡಿಯೋದಲ್ಲಿ ಹೆರಿಗೆಯ ಮಾತು ಬಂತೆಂದು ಜಗಲಿಯಲ್ಲಿದ್ದ ನೀನು ಹಾರಿ ಹಂದಿಗಳ ನಡುವೆ ಬಿದ್ದೆಯಲ್ಲ, ಅದನ್ನು ಊರವರು ಇನ್ನೂ ಆಡಿಕೊಳ್ಳುತ್ತಾರೆ. ಅಂಥವನು ಮುಂದೆ ಹೆರಿಗೆ ಮಾಡಿಸುವ ಕೆಲಸಕ್ಕೇ ಸೇರಿದೆಯಲ್ಲ, ಮಾರಾಯ! ಇರಲಿ. ಕಾಗದಕ್ಕೆ ಕಣ್ಣಿಲ್ಲ, ಮುಖವಿಲ್ಲ. ಆದ್ದರಿಂದ ಹೆಸರು ಹಿಡಿದೇ ಬರೆದುಬಿಡುತ್ತೇನೆ. ಕಾಲು. ನನ್ನ ಬಲಗಾಲು. ಬರೆದಾಯಿತು, ಆಕಾಶವೇನೂ ಕಳಚಿ ಬೀಳಲಿಲ್ಲ. ನೀನು ಅದನ್ನು ಉಳಿಸಿದೆ, ಆದರೆ ಒಂದು ಸಲವೂ ನೋಡಲಿಲ್ಲ. ಪರದೆಯ ಆಚೆ ಕೂತಿದ್ದವನಿಗೆ ಈಚೆ ಏನಾಯಿತೆಂದು ಯಾರೂ ಸರಿಯಾಗಿ ಹೇಳಿಲ್ಲ. ಪಿಸಿಲಾ ಹೇಳಲು ಕೂತರೆ ಅರ್ಧ ಅಳು, ಅರ್ಧ ನಗು. ಅದಕ್ಕೇ ನಾನು ಹೇಳುತ್ತೇನೆ.

ನೀರು ಇಳಿದಾಗ ಚಪ್ಪಲಿ ದಡದಲ್ಲಿ ಬಿಟ್ಟು ದಿಬ್ಬದ ಮೇಲೆ ಚಿಪ್ಪು ಆರಿಸಲು ಹೋಗಿದ್ದೆ. ಮನೆಗೆ ಬಂದಾಗ ಚಪ್ಪಲಿಯೆಲ್ಲ ರಕ್ತ. ಯಾವುದೋ ಚಿಪ್ಪು ಅಂಗಾಲು ಸೀಳಿತ್ತು, ಸಕ್ಕರೆ ಕಾಯಿಲೆಗೆ ಪಾದ ಮರಗಟ್ಟಿ ನನಗೆ ಗೊತ್ತೇ ಆಗಿರಲಿಲ್ಲ. ನೋವಿದ್ದರೆ ಎಚ್ಚರವಾಗುತ್ತಿತ್ತೇನೋ. ತೆಂಗಿನೆಣ್ಣೆ ಹಚ್ಚಿ ಬಟ್ಟೆ ಸುತ್ತಿ ಸುಮ್ಮನಾದೆ. ಮತ್ತೇನು ಮಾಡಲಿ? ನರ್ಸ್ ವೀಕಾ ಇದ್ದಿದ್ದರೆ ಅವಳಿಗೆ ತೋರಿಸುತ್ತಿದ್ದೆ. ಅವಳು ನ್ಯೂಜಿಲೆಂಡಿಗೆ ಹೋಗಿ ಕಾಲವಾಯಿತು. ಅವಳನ್ನು ಬೈಯಲಾರೆ, ಮೂರು ಜನರ ಕೆಲಸ ಒಬ್ಬಳೇ ಮಾಡಿ ಬೆನ್ನು ಬಿದ್ದುಹೋಗಿತ್ತು ಪಾಪ. ಅವಳ ಜಾಗಕ್ಕೆ ಯಾರೂ ಬರಲಿಲ್ಲ. ಉಳಿದವನು ಆರೋಗ್ಯಾಧಿಕಾರಿ ನೀನೊಬ್ಬ. ಈ ದ್ವೀಪದ ಹೆಂಗಸರಲ್ಲಿ ಅರ್ಧ ಜನ ನಿನಗೆ ಅಕ್ಕ, ಇನ್ನರ್ಧ ತಂಗಿ. ದೊಡ್ಡಮ್ಮನ ಮಗಳಾದರೂ ಸರಿ, ಅಜ್ಜಿಯ ತಂಗಿಯ ಮೊಮ್ಮಗಳಾದರೂ ಸರಿ, ನಮ್ಮಲ್ಲಿ ಎಲ್ಲರಿಗೂ ಅದೇ ಮರ್ಯಾದೆ. ನಿನ್ನ ದವಾಖಾನೆಗೆ ಬರುತ್ತಿದ್ದ ಹೆಂಗಸರೆಂದರೆ ಬೇರೆ ದ್ವೀಪದಿಂದ ಮದುವೆಯಾಗಿ ಬಂದ ನಾಲ್ಕು ಜನ. ನಾವೆಲ್ಲ ಕಾಯಿಲೆಯನ್ನು ಲಂಗದ ಕೆಳಗೆ ಮುಚ್ಚಿಕೊಂಡು ಹಾಡು ಹೇಳುತ್ತಿದ್ದೆವು. ನಮ್ಮ ಕೇರಿಯ ಗೆಳತಿ ಮನುಸಿಯು ಇಂಥದೇ ಗಾಯಕ್ಕೆ ತಡವಾಗಿ ದೊಡ್ಡ ಊರಿನ ಆಸ್ಪತ್ರೆಗೆ ಹೋಗಿ ಕಾಲನ್ನು ಮೊಣಕಾಲಿನ ತನಕ ಕಳೆದುಕೊಂಡು ಬಂದದ್ದು ನೋಡಿದ ಮೇಲಂತೂ ನಾನು ಹಡಗು ಕಂಡರೇ ಮನೆಯೊಳಗೆ ಸೇರಿಕೊಳ್ಳುತ್ತಿದ್ದೆ. ಕಾಲಿಲ್ಲದೆ ಬದುಕಬಹುದು, ಅವಳು ಬದುಕಿದ್ದಾಳೆ. ಆದರೆ ನಾನು ನಡೆಯದೆ, ಕುಣಿಯದೆ, ಯಾರ ಮನೆಗೂ ನುಗ್ಗಿ ಜಗಳವಾಡದೆ ಇರಲಾರೆ.

ಚರ್ಚಿನಲ್ಲಿ ನನ್ನ ಪಕ್ಕದ ಲೆಸಿಯೆಲಿ ಬೀಸಣಿಗೆ ಬೀಸುತ್ತ ಬೀಸುತ್ತ ಬೆಂಚಿನ ಆ ತುದಿಗೆ ಸರಿದಳು. ವಾಸನೆ. ನನಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತು. ಅವಳೇ ಪಿಸಿಲಾಗೆ ಹೇಳಿರಬೇಕು. ಮರುದಿನ ಪಿಸಿಲಾ ಚಾಪೆ ಕೇಳುವ ನೆಪದಲ್ಲಿ ಬಂದು ಮೂಗರಳಿಸಿದಳು, ನಿನ್ನ ಕೆಲಸ ನೋಡಿಕೋ ಎಂದು ಅಟ್ಟಿದೆ. ಸಂಜೆ ನೀನೇ ಬಂದೆ. ಮನೆಯೊಳಗೆ ಬರಲಿಲ್ಲ, ಕಿಟಕಿಯತ್ತ ತಿರುಗಲಿಲ್ಲ. ಅಂಗಳದ ದೀವಿಹಲಸಿನ ಮರದ ಮುಂದೆ ಟೋಪಿ ತೆಗೆದು ನಿಂತೆ. ನಾನು ಒಳಗಿನಿಂದ ನೋಡುತ್ತಿದ್ದೆ. ಇವನಿಗೆ ತಲೆ ಕೆಟ್ಟಿತೇ ಅಂದುಕೊಂಡೆ.

"ಮರವೇ," ಅಂದೆ ನೀನು, "ಅಮ್ಮನ ತೊಗಟೆಬಟ್ಟೆ ಈ ಮನೆ ಪೆಟ್ಟಿಗೇಲಿ ಸುಮ್ನೆ ಕೊಳೀತಾ ಇದೆಯಂತೆ. ನನ್ನ ದವಾಖಾನೇಲಿ ಪರದೆ ಇಲ್ಲ. ಇಲಾಖೆಯವ್ರನ್ನ ಕೇಳಿ ಕೇಳಿ ಸಾಕಾಯ್ತು, ಯಾರೂ ಕಳಿಸಲ್ಲ. ನಾಳೆ ಯಾರಾದ್ರೂ ಆ ಬಟ್ಟೆ ತಂದ್ರೆ ನಾನು ಅದರ ಆಚೆ ಕೂತ್ಕೋತೀನಿ. ಕಣ್ಣು ನಂದಲ್ಲ, ಕೈ ನಂದಲ್ಲ. ಬಾಯಿ ಒಂದು ನಂದು." ಮತ್ತೆ ನೀನೇ ಅಂದೆ, "ಬರ್ಲಿಲ್ಲ ಅಂದ್ರೆ ಮರವೇ, ನಾನು ಇಲ್ಲೇ ನಿಂತಿರ್ತೀನಿ. ನಂಗೆ ಬೇರೆ ಅಕ್ಕ ಇಲ್ಲ."

ಆ ಮಾತು ಮರಕ್ಕೆ ಹೇಳಿದ್ದಲ್ಲ ಎಂದು ಹಂದಿಗಳಿಗೂ ಗೊತ್ತಾಗುತ್ತಿತ್ತು. ನಾನು ಒಳಗೆ ಬಾಯಿಗೆ ಲಂಗದ ಅಂಚು ತುರುಕಿಕೊಂಡು ಅತ್ತೆ. ಬೆಳಿಗ್ಗೆ ಬಟ್ಟೆಯ ಸುರುಳಿಯನ್ನು ಕಂಕುಳಲ್ಲಿ ಇಟ್ಟುಕೊಂಡು ಕುಂಟುತ್ತ ದವಾಖಾನೆಗೆ ಬಂದೆ. ಅಮ್ಮ ನನ್ನ ಮದುವೆಗೆಂದು ತೊಗಟೆ ಕುಟ್ಟಿ ಕುಟ್ಟಿ ಮಾಡಿದ್ದು. ಅಕ್ಕತಮ್ಮಂದಿರ ನಡುವೆ ಗೋಡೆಯಾಗಲಿ ಎಂದು ಮಾಡಿರಲಿಲ್ಲ, ಆದರೂ ಆ ದಿನ ಅಮ್ಮನೇ ಎದ್ದು ಬಂದು ನಡುವೆ ನಿಂತ ಹಾಗಿತ್ತು.

ಈಗ ಈಚೆ ಬದಿಯ ಕಥೆ ಕೇಳು. ನಾನು ಚಾಪೆಯ ಮೇಲೆ ಮಲಗಿದ್ದೆ. ನನ್ನ ಕಾಲು ಪಿಸಿಲಾಳ ತೊಡೆಯ ಮೇಲೆ. ಮದುವೆಯಾದಾಗಿನಿಂದ ನಾನು ಚಾಪೆ ತಾ ಅಂದರೆ ಚಾಪೆ, ನೀರು ತಾ ಅಂದರೆ ನೀರು ತಂದವಳು ಅವಳು. ಗಂಡನ ಅಕ್ಕ ಅಂದರೆ ನಮ್ಮಲ್ಲಿ ಸುಮ್ಮನೆಯೇ? ಆ ಹೊತ್ತು ಅವಳ ಕೈಯಲ್ಲಿ ನನ್ನ ಕಾಲು, ಕಾಲಿನ ಮೇಲೆ ಕತ್ತರಿ. ಗಾಯಕ್ಕೆ ಸುತ್ತಿದ್ದ ಬಟ್ಟೆ ಬಿಚ್ಚಿ ಅವಳು ಬಾಗಿ ನೋಡಿದಳು. ನೀನು ಆಚೆಯಿಂದ ಅದರ ಬಣ್ಣ ಏನು, ಅಂಚು ಹೇಗಿದೆ, ಒತ್ತಿದರೆ ಏನು ಬರುತ್ತದೆ ಎಂದು ಕೇಳುತ್ತಿದ್ದೆ. ಒಂದು ಸಲವೂ ಕಾಲು ಅನ್ನಲಿಲ್ಲ, ಅದು, ಅದು ಅಷ್ಟೇ. ನಡುವೆ ಕರಿ, ಸುತ್ತ ಕೆಂಪು ಅಂದಳು ಅವಳು. ಕೆಂಪಿನ ಅಂಚಿಗೆ ಪೆನ್ನಿನಿಂದ ಗೆರೆ ಎಳೆಯಲು ನೀನು ಅವಳಿಗೆ ಹೇಳಿದೆ. ಕೆಂಪು ಆ ಗೆರೆ ದಾಟಿ ಮೇಲೆ ಹೋದರೆ ಹಡಗು ಹತ್ತಲೇಬೇಕು, ಅಲ್ಲಿ ಏನು ಮಾಡುತ್ತಾರೋ ನನ್ನ ಕೈಯಲ್ಲಿಲ್ಲ ಅಂದೆ. ನನಗೆ ಮನುಸಿಯುವಿನ ಮರದ ಕೋಲು ಕಣ್ಣಿಗೆ ಕಟ್ಟಿತು. ಪಿಸಿಲಾ ಫೋಟೋ ತೆಗೆದು, ಸಿಗ್ನಲ್ ಸಿಗುವ ಚರ್ಚಿನ ಗಂಟೆಯ ಕಟ್ಟೆಗೆ ಓಡಿಹೋಗಿ, ದೊಡ್ಡ ಊರಿನ ಡಾಕ್ಟರಮ್ಮನಿಗೆ ಕಳಿಸಿ ಬಂದಳು. ನನ್ನ ಫೋನಿನಿಂದ ಕಳಿಸಬೇಡ, ನನ್ನ ಕಣ್ಣಿಗೆ ಬೀಳಬಾರದು ಎಂದು ನೀನು ಹೇಳಿದ್ದು ಕೇಳಿ ಆ ಸ್ಥಿತಿಯಲ್ಲೂ ನನಗೆ ಹೆಮ್ಮೆಯಾಯಿತು. ಡಾಕ್ಟರಮ್ಮನೂ ನೀನು ಹೇಳಿದ್ದನ್ನೇ ಹೇಳಿದಳು. ಸತ್ತ ಚರ್ಮ ಈಗಲೇ ತೆಗೆಯಿರಿ, ಗೆರೆ ಕಾಯಿರಿ.

ಕತ್ತರಿಸಲು ಶುರು ಮಾಡಿದ ಮೇಲೆ ಪಿಸಿಲಾಳ ಕಣ್ಣೀರು ನನ್ನ ಕಾಲ ಮೇಲೇ ಬೀಳುತ್ತಿತ್ತು. ಮದ್ದಿನ ನೀರು ಉಳಿಯಿತು ಬಿಡು ಅಂದೆ ನಾನು. ನೀನು ಹೇಳಿಕೊಡುತ್ತಿದ್ದೆ, ರಕ್ತ ಬರುವ ತನಕ ಹೋಗು, ರಕ್ತ ಬಂದರೆ ಒಳ್ಳೆಯದು, ಅದು ಜೀವ ಇರುವ ಜಾಗ ಎಂದು. ಒಂದು ಹಂತದಲ್ಲಿ ನಿನ್ನ ದನಿ ನಿಂತುಹೋಯಿತು. ಪಿಸಿಲಾ ಕತ್ತರಿ ಹಿಡಿದು ಕಾಯುತ್ತಿದ್ದಾಳೆ, ಆಚೆಯಿಂದ ಸದ್ದಿಲ್ಲ. ಬಟ್ಟೆ ಒಂದು ಗೇಣು ಗಿಡ್ಡವಾಗಿತ್ತಲ್ಲ, ಕೆಳಗಿನ ಸಂದಿಯಲ್ಲಿ ನನಗೆ ನಿನ್ನ ಚಪ್ಪಲಿ, ಎಡಗಾಲಿಗೆ ಮಾತ್ರ ಬಿಗಿಯಾಗಿ ಏರಿಸಿದ ಬಿಳಿ ಸಾಕ್ಸು ಕಾಣುತ್ತಿತ್ತು. ನಮ್ಮ ಮನೆಯಲ್ಲಿ ಯಾರಪ್ಪಾ ಸಾಕ್ಸು ಹಾಕಿದವರು, ಅಧಿಕಾರಿ ಅಂದರೆ ಹೀಗೇ ಇರಬೇಕೇನೋ ಅಂದುಕೊಂಡೆ. ಪಿಸಿಲಾ ನನ್ನ ಕಿವಿಯಲ್ಲಿ, "ಅಕ್ಕಾ, ಅವ್ರು ಅಳ್ತಿದಾರೆ," ಅಂದಳು.

"ಅಳೋಕೆ ಸರ್ಕಾರ ಅವನಿಗೆ ಸಂಬಳ ಕೊಡಲ್ಲ ಅಂತ ಹೇಳು," ಅಂದೆ. "ಕರಿ ಇನ್ನೂ ಉಳಿದಿದೆ ಅಂತಾನೂ ಹೇಳು."

ನೀನು ಕೇಳಿಸಿಕೊಂಡೆ. ಮೂಗು ಒರೆಸಿದ ಸದ್ದು, ಆಮೇಲೆ ಮುಂದಿನ ಮಾತು. ಅಷ್ಟೇ ನಾವಿಬ್ಬರೂ ನಮ್ಮ ಆಯುಸ್ಸಿನಲ್ಲಿ ಆಡಿದ ಮೈಯ ಮಾತು, ಅದೂ ನಿನ್ನ ಹೆಂಡತಿಯ ಮೂಲಕ.

ಆಮೇಲಿನದು ಕಾಯುವ ಕಷ್ಟ. ದವಾಖಾನೆಯಲ್ಲಿ ಇದ್ದ ಔಷಧಿ ಮುಗಿಯುತ್ತ ಬಂತು, ಹಡಗು ಗಾಳಿಗೆ ಹೆದರಿ ಬರಲಿಲ್ಲ. ನೀನು ಮೀನುಗಾರರ ಬಳಿ ಅಂಗಲಾಚಿ, ಕೊನೆಗೆ ನೀನೇ ಅವರ ದೋಣಿಯಲ್ಲಿ ಹೋಗಿ ಪಕ್ಕದ ದ್ವೀಪದಿಂದ ತಂದೆ ಎಂದು ನನಗೆ ಗೊತ್ತಾದದ್ದು ಎಷ್ಟೋ ದಿನಗಳ ಮೇಲೆ. ಬೆಳಿಗ್ಗೆ ಎದ್ದ ತಕ್ಷಣ ನಾನು ಮೊದಲು ನೋಡುತ್ತಿದ್ದದ್ದು ಆ ಗೆರೆ. ಪ್ರಾರ್ಥನೆ ಆಮೇಲೆ. ಒಂದು ದಿನ ಕೆಂಪು ಗೆರೆಯ ಮೇಲೇ ಹತ್ತಿತು, ಇನ್ನೇನು ದಾಟುತ್ತದೆ ಅನ್ನಿಸಿತು. ಪಿಸಿಲಾ ನನ್ನ ಬಟ್ಟೆಗಳನ್ನು ಬುಟ್ಟಿಗೆ ತುಂಬತೊಡಗಿದಳು, ನಾನು ತೆಗೆದು ಹೊರಗೆ ಎಸೆಯುತ್ತಿದ್ದೆ. ಮರುದಿನ ಕೆಂಪು ಅಲ್ಲೇ ಇತ್ತು. ಅದರ ಮರುದಿನ ಗೆರೆಗೂ ಕೆಂಪಿಗೂ ನಡುವೆ ಒಂದು ಬೆರಳಿನಷ್ಟು ನನ್ನ ಚರ್ಮ ಕಂಡಿತು ಕಣೋ, ನನ್ನದೇ ಹಳೆಯ ಕಂದು ಚರ್ಮ. ಪಿಸಿಲಾ ಅಂಗಳಕ್ಕೆ ಓಡಿ ಗೆರೆ ಸೋತಿಲ್ಲ, ಗೆರೆ ಸೋತಿಲ್ಲ ಎಂದು ಕೂಗಿದಳು. ಊರವರಿಗೆ ಏನೂ ಅರ್ಥವಾಗಲಿಲ್ಲ, ಆದರೂ ಎಲ್ಲರೂ ಕೂಗಿದರು.

ನೀನು ಹೋದ ಮೇಲಿನ ಸುದ್ದಿ ಹೇಳುತ್ತೇನೆ, ಕೇಳಿ ಬೀಗಿಕೋ. ಪರದೆ ಇನ್ನೂ ಕಟ್ಟಿಯೇ ಇದೆ. ಮಂಗಳವಾರ ಬಂದರೆ ಹೆಂಗಸರ ಸಾಲು ದವಾಖಾನೆಯ ಮೆಟ್ಟಿಲು ದಾಟಿ ತೆಂಗಿನ ಮರದ ತನಕ. ನೀನಿಲ್ಲದಿದ್ದರೂ ಬರುತ್ತಾರೆ, ಪಿಸಿಲಾ ಗಾಯ ತೊಳೆದು, ಸಕ್ಕರೆ ನೋಡಿ, ತಿಳಿಯದ್ದನ್ನು ಡಾಕ್ಟರಮ್ಮನಿಗೆ ಕೇಳುತ್ತಾಳೆ. ಲೆಸಿಯೆಲಿ ಯಾರಿಗೂ ಹೇಳದೆ ಎದೆಯಲ್ಲಿ ಗಂಟು ಇಟ್ಟುಕೊಂಡಿದ್ದಳು. ನನ್ನಿಂದ ದೂರ ಸರಿದು ಕೂತವಳೇ! ಅವಳನ್ನು ಕಳೆದ ಹಡಗಿಗೇ ಕಳಿಸಿದೆವು, ಹೊತ್ತಿಗೆ ಸರಿಯಾಗಿ ಬಂದಿದ್ದಾಳೆ ಅಂದರಂತೆ ಅಲ್ಲಿ. ಆರೋಗ್ಯ ಇಲಾಖೆಯವರು ನಿನ್ನನ್ನು ಕರೆಸಿ ಬೇರೆ ದ್ವೀಪಗಳವರ ಮುಂದೆ ಈ ಪರದೆಯ ವಿಷಯ ಹೇಳಿಸುತ್ತಿದ್ದಾರಲ್ಲ, ಹೇಳುವಾಗ ಬಟ್ಟೆ ಅಮ್ಮನದು, ಕೈ ಪಿಸಿಲಾಳದು ಎಂದು ಮರೆಯದೆ ಹೇಳು. ಅವಳಿಗೂ ಕಲಿಸಿ ನರ್ಸ್ ಮಾಡಬೇಕೆಂದು ನಾನು ಹೇಳಿದ್ದೇನೆ ಎಂದೂ ಹೇಳು. ಈಗ ಅವಳಿಗೆ ನೀರು ತಾ ಅನ್ನಲು ನನಗೇ ಬಾಯಿ ಬರುವುದಿಲ್ಲ, ಎದ್ದು ಹೋಗಿ ಕುಡಿಯುತ್ತೇನೆ. ಕಾಲಿದೆಯಲ್ಲ!

ಇನ್ನೊಂದು ಸುದ್ದಿ. ಶನಿವಾರ ಚರ್ಚಿನ ಊಟದಲ್ಲಿ ನಾನು ಕುಣಿದೆ. ಮೈಗೆ ಎಣ್ಣೆ ಹಚ್ಚಿಕೊಂಡು, ಬರಿಗಾಲಿನಲ್ಲಿ ಅಲ್ಲ, ನೀನು ಹೇಳಿದ ಮುಚ್ಚಿದ ಚಪ್ಪಲಿ ಹಾಕಿಕೊಂಡೇ. ಚಪ್ಪಲಿ ಹಾಕಿ ಕುಣಿಯುವ ಮುದುಕಿಯನ್ನು ಯಾರೂ ನೋಡಿರಲಿಲ್ಲ, ನಗಾಡಿದರು. ಹಾಡು ಮುಗಿಯುವ ಹೊತ್ತಿಗೆ ಪಾದ್ರಿಗಳೂ ಎದ್ದು ಕುಣಿಯುತ್ತಿದ್ದರು. ಮನುಸಿಯು ಕೂತಲ್ಲೇ ಕೈಯಲ್ಲಿ ಕುಣಿದಳು, ನನಗಿಂತ ಅವಳೇ ಚೆಂದ.

ದೇವರು ನಿನ್ನ ದೋಣಿಗೆ ಒಳ್ಳೆಯ ಗಾಳಿ ಕೊಡಲಿ, ನಿನ್ನ ನಾಲಿಗೆಗೆ ಒಳ್ಳೆಯ ಮಾತು ಕೊಡಲಿ. ಪಿಸಿಲಾ ನಿನ್ನನ್ನು ನೆನೆಯುತ್ತಾಳೆ, ಹಂದಿಗಳೂ ನೆನೆಯುತ್ತವೆ, ದೀವಿಹಲಸಿನ ಮರವೂ ಕಾಯುತ್ತಿದೆ.

ನಿನ್ನ ಅಕ್ಕ,
ಎರಡೂ ಕಾಲಿನ ಕಲೊಲೈನೆ

ಮರೆತೆ: ಹಡಗಿನವನು ಕೂಗುತ್ತಿದ್ದಾನೆ, ಅವಸರದಲ್ಲಿ ಬರೆಯುತ್ತಿದ್ದೇನೆ. ಇಷ್ಟೆಲ್ಲ ಬರೆದದ್ದು ಈ ನಾಲ್ಕು ಸಾಲಿಗೋಸ್ಕರ. ನನ್ನ ಗಾಯ ಮಾಗಿ ಒಣಗಿದ ಮೇಲೂ ಆ ಕೋಣೆಯಲ್ಲಿ ಆ ವಾಸನೆ ಇತ್ತು, ತಮ್ಮಾ. ಪರದೆಯ ಆಚೆಯಿಂದ ಬರುತ್ತಿತ್ತು. ನಿನ್ನ ಎಡಗಾಲಿನ ಆ ಸಾಕ್ಸಿನ ತುದಿ ಕೀವಿಗೆ ಹಳದಿಯಾಗಿತ್ತು. ಚಪ್ಪಲಿ ಕಚ್ಚಿದೆ ಎಂದು ಪಿಸಿಲಾಗೆ ಹೇಳಿದ್ದೀಯಂತೆ, ಅವಳು ನಂಬಿದ್ದಾಳೆ. ನಾನು ನಂಬುವುದಿಲ್ಲ. ನಮ್ಮೆಲ್ಲರ ಗಾಯ ಕಾಯುತ್ತ ಕೂತವನಿಗೆ ತನ್ನದನ್ನು ತೋರಿಸಲು ಪುರುಸೊತ್ತು ಸಿಗಲಿಲ್ಲ ಅಲ್ಲವೇ? ಅಕ್ಕ ಬಾಯಿಬಿಟ್ಟು ಕೇಳಿದ್ದನ್ನು ತಮ್ಮ ಇಲ್ಲ ಅನ್ನುವಂತಿಲ್ಲ, ಇದು ನಮ್ಮ ಮರ್ಯಾದೆ. ನಾನು ಈವರೆಗೆ ನಿನ್ನನ್ನು ಒಂದು ಹಂದಿಮರಿಯನ್ನೂ ಕೇಳಿಲ್ಲ. ಈಗ ಕೇಳುತ್ತಿದ್ದೇನೆ. ನಿನ್ನ ಸುತ್ತ ಈಗ ಡಾಕ್ಟರುಗಳೇ ಇದ್ದಾರೆ, ಅವರಲ್ಲಿ ಯಾರೂ ನಿನ್ನ ಅಕ್ಕತಂಗಿಯರಲ್ಲ, ಪರದೆಯ ನೆಪವಿಲ್ಲ. ಈ ಕಾಗದ ಮಡಚುವ ಮೊದಲು ಎದ್ದು ಹೋಗಿ ಅವರ ಮುಂದೆ ಕೂತು ಸಾಕ್ಸು ಬಿಚ್ಚು.