ಎರಡರ ಘಾತ ಹನ್ನೊಂದು

ಆಗಸ್ಟ್ 4, ಸೋಮವಾರ

ಒಂಬತ್ತನೇ ‘ಬಿ’ ಪೇಪರ್ ತಿದ್ದಿ ಮುಗಿಸಿದೆ. ಘಾತಾಂಕ ಯಾರ ತಲೆಗೂ ಹೋಗಿಲ್ಲ.

ಸ್ಕೂಲಿಂದ ಬಂದರೆ ಚಿಕ್ಕಮ್ಮ ಜಗಲಿಯಲ್ಲಿ ಕೂತಿದ್ದಾಳೆ. ಕೆಂಪಯ್ಯನವರ ಹೊಗೆಸೊಪ್ಪಿನ ಹೊಲದಿಂದ ಬೆಳಿಗ್ಗೆಯೇ ವಾಪಸ್ ಕಳಿಸಿದರಂತೆ. ಅವಳ ಸಾಲಿನಲ್ಲಿ ಎಲೆ ಮುರಿಯುವ ಮೂವರು ಹೆಂಗಸರಿಗೆ ವಾಂತಿ, ತಲೆಸುತ್ತು. ಅವರ ಮುಖ ಬಿಳಿಚಿಕೊಂಡಿದೆ. ಇವಳೊಬ್ಬಳೇ ಗಟ್ಟಿಮುಟ್ಟು. ಅದಕ್ಕೇ ಇವಳು ರಕ್ತ ಹೀರುವ ಪಿಶಾಚಿ ಅಂತೆ. ಹೀರಿಸಿಕೊಂಡವರೂ ಪಿಶಾಚಿ ಆಗುತ್ತಾರಂತೆ. ನನಗೆ ನಗು ಬಂತು. ಚಿಕ್ಕಮ್ಮ ನಗಲಿಲ್ಲ.

ಆಗಸ್ಟ್ 6

ಕ್ಲಾಸಿನಲ್ಲಿ ಇದನ್ನೇ ಲೆಕ್ಕ ಮಾಡಿದೆ. ಒಂದು ಪಿಶಾಚಿ ದಿನಕ್ಕೆ ಒಬ್ಬರನ್ನು ಹೀರಿದರೆ ಮಾರನೇ ದಿನ ಎರಡು. ಆಮೇಲೆ ನಾಲ್ಕು, ಎಂಟು... ಹನ್ನೊಂದು ದಿನ ಕಳೆದರೆ ಎರಡು ಸಾವಿರದ ನಲವತ್ತೆಂಟು. ನಮ್ಮೂರಿನ ಜನ ಸಾವಿರದೈನೂರು. ಮೊದಲನೆಯವಳು ಮಲಗಿ ಹದಿನೇಳು ದಿನ ಆಯಿತು, ಮಲಗಿದವರು ಮೂರೇ ಜನ. ಹಾಗಾಗಿ ಪಿಶಾಚಿ ಸುಳ್ಳು ಎಂದೆ. ಮಕ್ಕಳು ಚಪ್ಪಾಳೆ ತಟ್ಟಿದರು. ನನಗೂ ಸ್ವಲ್ಪ ಕೊಂಬು ಬಂತು.

ಆಗಸ್ಟ್ 7

ಬೋರ್ಡ್ ಒರೆಸಿರಲಿಲ್ಲ. ಯಾರೋ ಫೋಟೋ ತೆಗೆದು ಊರಿನ ವಾಟ್ಸಾಪ್ ಗ್ರೂಪಿಗೆ ಹಾಕಿದ್ದಾರೆ. ಸಂಜೆ ಕೆಂಪಯ್ಯನವರು ಬಂದರು. “ಅನ್ನೊಂದು ದಿನಕ್ಕೆ ಊರೇ ಖಾಲಿ ಅಂತ ನೀವೇ ಬರ್ದಿದ್ದೀರಂತಲ್ಲ ಮೇಡಂ. ನಿಮ್ಮ ಚಿಕ್ಕಮ್ಮ ಸುಂದ್ರಮ್ಮನ್ನ ಹೊಲದ ಕಡೆ ಕಳಿಸ್ಬೇಡಿ.”

ಸುಳ್ಳು ಎಂಬುದನ್ನು ಬಾಯಲ್ಲಿ ಹೇಳಿದ್ದೆ. ಬೋರ್ಡಿನ ಮೇಲೆ ಬರೆದಿರಲಿಲ್ಲ. ಕೊನೆಯ ಸಾಲು ಬರೆಯದ ಮಕ್ಕಳಿಗೆ ನಾನೇ ಮಾರ್ಕ್ಸ್ ಕಟ್ ಮಾಡುತ್ತೇನೆ.

ಆಗಸ್ಟ್ 9

ಡೇರಿಯಲ್ಲೂ ಹೆಂಗಸರು ದೂರ ಸರಿದು ನಿಂತರಂತೆ. ಚಿಕ್ಕಮ್ಮ ಸರಿಯಾಗಿ ಉಣ್ಣುತ್ತಿಲ್ಲ. ಇವತ್ತು ಕೇಳಿದಳು: “ನಿದ್ದೇಲಿ ನಾನೇ ಎದ್ದೋಗ್ತೀನೇನೋ ಪುಟ್ಟಿ, ನಂಗೇ ಗೊತ್ತಿಲ್ದಂಗೆ?”

ಅವಳಿಗೆ ಎಂಥ ಲೆಕ್ಕ ಹೇಳಲಿ.

ಆಗಸ್ಟ್ 11

ಆಶಾ ಕಾರ್ಯಕರ್ತೆ ಮಾಯಮ್ಮ ಸಿಕ್ಕಿದ್ದರು. ಒದ್ದೆ ಹೊಗೆಸೊಪ್ಪಿನ ರಸ ಚರ್ಮದೊಳಗೆ ಇಳಿದರೆ ಹೀಗೇ ವಾಂತಿ, ತಲೆಸುತ್ತು ಅಂತೆ. ಮಳೆಗಾಲದಲ್ಲಿ ಜಾಸ್ತಿ. ಚಿಕ್ಕಮ್ಮ ಹೊಲಕ್ಕೆ ಹೋಗುವಾಗ ತೀರಿಹೋದ ಚಿಕ್ಕಪ್ಪನ ಫುಲ್ ಶರ್ಟ್ ಹಾಕುತ್ತಾಳೆ. ಮಣಿಕಟ್ಟಿನ ಗುಂಡಿಯನ್ನೂ ಹಾಕಿರುತ್ತಾಳೆ, ರಸ ಮೈಗೆ ತಾಗುವುದಿಲ್ಲ. ಇಷ್ಟೇ ವಿಷಯ.

ಮಾಯಮ್ಮ ಹೊಲಕ್ಕೇ ಹೋಗಿ ಹೇಳಿ ಬಂದರು. ಯಾರೂ ಒಪ್ಪಲಿಲ್ಲ. ಸತ್ತವನ ಅಂಗಿ, ಅದರಲ್ಲೇ ಏನೋ ಇದೆ ಅಂದರಂತೆ. ಚಿಕ್ಕಮ್ಮ ಮಾತ್ರ ಎರಡೆರಡು ಸಲ ಕೇಳಿ ತಿಳಿದುಕೊಂಡಳು.

“ಅಂಗಿ ಇಲ್ದಿದ್ರೆ ನಂಗೂ ಬತ್ತದಾ?”

ಖಂಡಿತ ಬರುತ್ತೆ ಎಂದೆ. ಒಬ್ಬರಿಗಾದರೂ ಅರ್ಥವಾಯಿತಲ್ಲ ಎಂದು ಖುಷಿ.

ಆಗಸ್ಟ್ 13, ಮಧ್ಯಾಹ್ನ

ಸ್ಕೂಲಿಗೆ ಫೋನ್ ಬಂತು. ಓಡಿ ಬಂದೆ.

ಬೆಳಿಗ್ಗೆ ಜಿಟಿಜಿಟಿ ಮಳೆಯಲ್ಲೇ ಎದ್ದು ಹೋಗಿದ್ದಾಳೆ. ಶರ್ಟ್ ಗೂಟದಲ್ಲೇ ಇದೆ. ಯಾರೂ ಕರೆಯದಿದ್ದರೂ ಸಾಲಿಗಿಳಿದು, ಒದ್ದೆ ಎಲೆಯನ್ನು ಬರಿಗೈಯಲ್ಲಿ ಮುರಿದು ಕಂಕುಳಲ್ಲಿ ಅವುಚಿಕೊಂಡಿದ್ದಾಳೆ. ಹತ್ತು ಗಂಟೆಗೆ ಬಿದ್ದಳು. ಆ ಮೂವರಲ್ಲೇ ಇಬ್ಬರು ಹೆಗಲು ಕೊಟ್ಟು ಮನೆಗೆ ಕರೆತಂದರು. ಒಬ್ಬಳು ಚಿಕ್ಕಮ್ಮನ ತಲೆ ಹಿಡಿದುಕೊಂಡು ವಾಂತಿ ಮಾಡಿಸುತ್ತಿದ್ದಳು. ಪಾಪ, ನಮ್ಮಂಗೇ ಆಯ್ತು ಎನ್ನುತ್ತಿದ್ದಳು.

ಸಂಜೆ

ಸ್ವಲ್ಪ ಗಂಜಿ ಕುಡಿದಳು. ಮುಖ ಸುಣ್ಣದಂತಿದೆ. ಆದರೂ ಎಷ್ಟೋ ದಿನದ ಮೇಲೆ ನಕ್ಕಳು.

“ನಾಳಿದ್ದಿಂದ ಸಾಲಿಗೆ ಬಾ ಅಂದ್ರು ಕಣ್ ಪುಟ್ಟಿ.”

ನನಗೆ ಅಳು ತಡೆಯಲಾಗಲಿಲ್ಲ. ಹೋಗು, ಆದರೆ ಶರ್ಟ್ ಹಾಕಿಕೊಂಡು ಹೋಗು ಎಂದೆ. ಬೇಡ ಎಂದಳು. ಯಾಕೆ ಎಂದು ಕೇಳುವವಳಿದ್ದೆ, ಅಷ್ಟರಲ್ಲಿ ನನಗೇ ಹೊಳೆಯಿತು. ಹಾಕಿಕೊಂಡು ಹೋದರೆ ಅವಳೊಬ್ಬಳೇ ಮತ್ತೆ ಗಟ್ಟಿಮುಟ್ಟು.